ಪ್ರೇಮಕವಿತೆಗಳಲ್ಲಿ ಹತಾಶೆಯ ಜೊತೆಗೇ ಭರವಸೆಯೂ ಯಾಕೆ ಇರುತ್ತದೆ?

ಪೂರ್ತಿ ಕೈಚೆಲ್ಲಿದವರು ಕವಿತೆ ಬರೆಯುವುದಿಲ್ಲ, ಸುಮ್ನೆ ಇದ್ದುಬಿಡುತ್ತಾರೆ ಅಂತ ನನಗನ್ನಿಸುತ್ತದೆ. ಬರೆಯುತ್ತಿದ್ದಾರೆ ಅಂದರೆ ಯಾರೋ ಕೇಳಿಸಿಕೊಂಡಾರು ಅನ್ನುವ ಆಸೆ ಇನ್ನೂ ಉಳಿದಿದೆ.

12ನೇ ಶತಮಾನದ ಅಕ್ಕಮಹಾದೇವಿಯ ಒಂದು ವಚನವನ್ನೇ ನೋಡಿ. ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಳಿಗಳನ್ನು ಕೇಳುತ್ತಾಳೆ. ಆಮೇಲೆ ಕೋಗಿಲೆ, ದುಂಬಿ, ಹಂಸ, ನವಿಲು. ಯಾವುದೂ ಉತ್ತರ ಕೊಡುವುದಿಲ್ಲ. ಆದರೂ ಮುಂದಿನದರ ಹತ್ತಿರ ಮತ್ತೆ ಅದೇ ಪ್ರಶ್ನೆ. ಹತಾಶೆ ಇರುವುದು ಆ ಮೌನದಲ್ಲಿ, ಭರವಸೆ ಇರುವುದು ಮತ್ತೆ ಕೇಳುವುದರಲ್ಲಿ. ಎರಡನ್ನೂ ಬಿಡಿಸಿಡಲು ಆಗುವುದೇ ಇಲ್ಲ, ಅಲ್ವಾ?

ಕಾಳಿದಾಸನ ಮೇಘದೂತದಲ್ಲಿ ಯಕ್ಷನಿಗೆ ಒಂದು ವರ್ಷದ ಗಡೀಪಾರು. ಕೈಯ ಚಿನ್ನದ ಬಳೆ ಜಾರಿ ಬೀಳುವಷ್ಟು ಸೊರಗಿದ್ದಾನೆ. ಆದರೆ ಹೆಂಡತಿಗೆ ಮೋಡದ ಕೈಲಿ ಹೇಳಿ ಕಳಿಸುವುದು ಏನು ಗೊತ್ತಾ? ಇನ್ನು ನಾಲ್ಕೇ ತಿಂಗಳು, ಕಣ್ಣು ಮುಚ್ಚಿಕೊಂಡು ಕಳೆದುಬಿಡು ಎಂದು. ನನಗೆ ಜಾಸ್ತಿ ಇಷ್ಟವಾಗುವುದು ಈ ಲೆಕ್ಕವೇ.

ಸಾವು ಬಂದರೂ ಇದು ನಿಲ್ಲುವುದಿಲ್ಲ. ಇಟಲಿಯ ಕವಿ ಪೆಟ್ರಾರ್ಕ್ ಪ್ರೀತಿಸಿದ್ದ ಲಾರಾ 1348ರಲ್ಲಿ ತೀರಿಕೊಂಡಳು. ಅವನು ಆಮೇಲೂ ಅವಳ ಬಗ್ಗೆ ಬರೆಯುತ್ತಲೇ ಇದ್ದ. ಬದುಕಿದ್ದಾಗ ದೂರವೇ ಉಳಿದವಳು ಈ ಕವಿತೆಗಳಲ್ಲಿ ಕನಸಿಗೆ ಬಂದು ಸಮಾಧಾನ ಹೇಳುತ್ತಾಳೆ.