ಓದುಗರ ಪ್ರಶ್ನೆ: ಬ್ಲೂಸ್ ನುಡಿಸಿದರೂ ಶಾಲೆ ಪ್ರಾರ್ಥನೆಯ ಹಾಗೆ ಕೇಳಿಸುತ್ತೆ, ಯಾಕೆ?

ಪ್ರಶ್ನೆ: ಒಂದು ವರ್ಷದಿಂದ ಹತ್ತು ತೂತಿನ ಸಿ ಹಾರ್ಮೋನಿಕಾ ಕಲಿಯುತ್ತಿದ್ದೇನೆ. ಸಿನಿಮಾ ಹಾಡು ಸಲೀಸಾಗಿ ಬರುತ್ತವೆ. ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ) ಶುರು ಮಾಡಿದರೆ ಮಾತ್ರ ಪ್ರಾರ್ಥನೆ ಹಾಡಿನ ಹಾಗೆ ಕೇಳಿಸುತ್ತದೆ. ಬೆಂಡ್, ಅಂದರೆ ಸ್ವರವನ್ನು ಬಗ್ಗಿಸಿ ಕೆಳಗಿಳಿಸುವುದು, ಬರುವುದೇ ಇಲ್ಲ. ಎರಡನೇ ತೂತಿನಲ್ಲಿ ಉಸಿರು ಎಳೆದರೆ ಸ್ವರವೇ ಸರಿಯಾಗಿ ಹೊರಡುವುದಿಲ್ಲ. ರೀಡ್ (ಒಳಗೆ ಅಲುಗಿ ದನಿ ಕೊಡುವ ಲೋಹದ ಪಟ್ಟಿ) ಕೆಟ್ಟಿದೆಯಾ? (ದಾವಣಗೆರೆಯ ಓದುಗರು)

ಉತ್ತರ: ಕೆಟ್ಟಿರಲಿಕ್ಕಿಲ್ಲ. ಹೊಸಬರೆಲ್ಲ ಈ ಎರಡನೇ ತೂತನ್ನು ಬೈದುಕೊಳ್ಳುತ್ತಾರೆ. ಒಂದು ಪರೀಕ್ಷೆ ಮಾಡಿ. ಒಂದನೇ ಮತ್ತು ಮೂರನೇ ತೂತನ್ನು ಎರಡು ತೋರುಬೆರಳಿನಿಂದ ಮುಚ್ಚಿ, ಮಧ್ಯದ ತೂತಿಗೆ ತುಟಿ ಇಟ್ಟು, ಸುಮ್ನೆ ಉಸಿರಾಡುವ ಹಾಗೆ ಮೆಲ್ಲಗೆ ಎಳೆಯಿರಿ. ಸ್ವರ ಬಂತಾ? ಹಾಗಾದರೆ ವಾದ್ಯ ಸರಿಯಿದೆ, ಬಿಗಿಯಾಗಿರುವುದು ನಿಮ್ಮ ಬಾಯಿ. ಸ್ಟ್ರಾ ಹಾಕಿ ಎಳನೀರು ಹೀರುವ ಹಾಗೆ ಹೀರುತ್ತಿದ್ದೀರಿ. ದವಡೆ ಇಳಿಬಿಡಿ, ಗಂಟಲು ಸಡಿಲ ಮಾಡಿ, ಹೊಟ್ಟೆಯಿಂದ ಉಸಿರು ತೆಗೆದುಕೊಳ್ಳಿ.

ಪ್ರಾರ್ಥನೆಯ ಹಾಗೆ ಕೇಳಿಸುವುದಕ್ಕೆ ಕಾರಣ ಬೇರೆ. ನೀವು ಸಿ ಹಾರ್ಮೋನಿಕಾದಲ್ಲಿ ಸಿ ಶ್ರುತಿಯಲ್ಲೇ ನುಡಿಸುತ್ತಿದ್ದೀರಿ, ಅಲ್ವಾ? ಅಲ್ಲಿ ಊದುವುದೇ ಜಾಸ್ತಿ. ಬ್ಲೂಸ್‌ನವರು ಅದೇ ವಾದ್ಯದಲ್ಲಿ ಜಿ ಹಿಡಿಯುತ್ತಾರೆ, ಇದಕ್ಕೆ ಸೆಕೆಂಡ್ ಪೊಸಿಷನ್ ಅಥವಾ ಕ್ರಾಸ್ ಹಾರ್ಪ್ ಅನ್ನುತ್ತಾರೆ. ಆಗ ನಿಮ್ಮನ್ನು ಕಾಡುವ ಆ ಎರಡನೇ ತೂತಿನ ಎಳೆದ ಸ್ವರವೇ ಷಡ್ಜ. ನಾಲ್ಕನ್ನು ಎಳೆದರೆ ಪಂಚಮ. ಐದನ್ನು ಎಳೆದರೆ ಕೈಶಿಕಿ ನಿಷಾದ (ಅರ್ಧ ಸ್ವರ ಇಳಿದ ನಿ), ಅದು ಪುಕ್ಕಟೆ ಸಿಗುತ್ತದೆ, ಬೆಂಡ್ ಏನೂ ಬೇಕಿಲ್ಲ. ಮೂರನ್ನು ಎಳೆದರೆ ಅಂತರ ಗಾಂಧಾರ, ಅದನ್ನೇ ಅರ್ಧ ಸ್ವರ ಇಳಿಸಿದರೆ ಸಾಧಾರಣ ಗಾಂಧಾರ. ಬ್ಲೂಸ್‌ನ ಗಾಂಧಾರ ಹೆಚ್ಚಾಗಿ ಇವೆರಡರ ನಡುವೆ ಎಲ್ಲೋ ತೂಗಾಡುತ್ತಿರುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಇದು ಹೊಸದೇನಲ್ಲ. ಪಿಯಾನೋದಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ!

ಇನ್ನು ಬೆಂಡ್. ಪ್ರತಿ ತೂತಿನ ಹಿಂದೆ ಎರಡು ರೀಡ್ ಇರುತ್ತವೆ, ಒಂದು ಊದಲು, ಒಂದು ಎಳೆಯಲು. ಎಳೆಯುತ್ತಾ ಬಾಯೊಳಗಿನ ಜಾಗದ ಆಕಾರ ಬದಲಾಯಿಸಿದರೆ ಊದುವ ರೀಡ್ ಕೂಡ ಅಲುಗಲು ಶುರುವಾಗಿ ಸ್ವರ ಅದರ ಕಡೆಗೆ ಇಳಿಯುತ್ತದೆ. ಎರಡು ರೀಡ್‌ಗಳ ಸ್ವರಗಳ ನಡುವೆ ಎಷ್ಟು ಅರ್ಧ ಸ್ವರ ಇವೆಯೋ ಇಳಿಯಲು ಅಷ್ಟೇ ಜಾಗ. ನಾಲ್ಕರಲ್ಲಿ ಅರ್ಧ ಸ್ವರ ಮಾತ್ರ, ಎರಡರಲ್ಲಿ ಎರಡು ಅರ್ಧ, ಮೂರರಲ್ಲಿ ಮೂರು ಅರ್ಧ. ಮೂರೇ ಎಲ್ಲಕ್ಕಿಂತ ಕಷ್ಟ. ಐದರಲ್ಲಿ ಹೆಚ್ಚೇನೂ ಇಳಿಯುವುದಿಲ್ಲ, ಅಲ್ಲಿ ಒದ್ದಾಡಬೇಡಿ. ನಾಲ್ಕರಿಂದ ಶುರು ಮಾಡಿ. ಉಸಿರು ಒಳಗೆಳೆಯುತ್ತಾ "ಈ" ಅನ್ನುವ ಬಾಯಿಯನ್ನು "ಊ" ಕಡೆಗೆ ತನ್ನಿ, ನಾಲಿಗೆಯ ಉಬ್ಬು "ಕ" ಹುಟ್ಟುವ ಜಾಗದತ್ತ ಹಿಂದೆ ಸರಿಯಬೇಕು. ತುಟಿಗೆ ಇದರಲ್ಲಿ ಕೆಲಸವೇ ಇಲ್ಲ. ಬಲಕ್ಕೂ ಇಲ್ಲ. ಜೋರಾಗಿ ಎಳೆದೆಳೆದು ರೀಡ್ ಶ್ರುತಿ ಕೆಡಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ.

ಬಂದ ಮೇಲೆ ಫೋನಿನಲ್ಲಿ ತಂಬೂರಿ ಆಪ್ ಹಾಕಿ, ಜಿ ಶ್ರುತಿ ಇಟ್ಟುಕೊಂಡು ಅದರ ಮೇಲೆ ನುಡಿಸಿ. ಬೆಂಡ್ ಅರ್ಧಕ್ಕೇ ನಿಂತಿದ್ದರೆ ತಂಬೂರಿ ಮುಲಾಜಿಲ್ಲದೆ ಹೇಳುತ್ತದೆ.

ಪ್ರಶ್ನೆ: ವಿಡಿಯೋ ನೋಡಿ ತುಂಬಾ ಲಿಕ್ (ಚಿಕ್ಕ ಸಿದ್ಧ ಸ್ವರಗುಚ್ಛ) ಕಲಿತಿದ್ದೇನೆ. ಗಿಟಾರ್ ನುಡಿಸುವ ಗೆಳೆಯನ ಜೊತೆ ಕೂತರೆ ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. (ಮೈಸೂರಿನ ಓದುಗರು)

ಉತ್ತರ: ಲಿಕ್ ಸೇರಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿ. ವಾದ್ಯ ಕೆಳಗಿಟ್ಟು ಹನ್ನೆರಡು ಬಾರ್ ಎಣಿಸಿ, ಒಂದೊಂದಕ್ಕೆ ನಾಲ್ಕು ಎಣಿಕೆ. ಗಿಟಾರಿನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳು) ಹೀಗೆ: ಜಿ ನಾಲ್ಕು ಬಾರ್, ಸಿ ಎರಡು, ಮತ್ತೆ ಜಿ ಎರಡು, ಆಮೇಲೆ ಡಿ ಒಂದು, ಸಿ ಒಂದು, ಕೊನೆಗೆ ಜಿ ಎರಡು. ಗೆಳೆಯ ನುಡಿಸಲಿ, ನೀವು ಕಾಲು ತಟ್ಟುತ್ತಾ ಪ್ರತಿ ಬದಲಾವಣೆಯಲ್ಲಿ ಬಾಯಿಬಿಟ್ಟು ಅದರ ಹೆಸರು ಹೇಳಿ. ಷಫಲ್ ಲಯ ಹಿಡಿಯದಿದ್ದರೆ "ತಕಿಟ ತಕಿಟ" ಅಂತ ತಿಸ್ರ ನಡೆ ಹೇಳಿಕೊಂಡು ಮಧ್ಯದ "ಕಿ" ನುಂಗಿಬಿಡಿ. ತಾ-ಟ, ತಾ-ಟ. ಅಷ್ಟೇ ಅದು.

ಹನ್ನೆರಡು ಬಾರ್ ಅಂದರೆ ಮೂರು ಸಾಲಿನ ಹಾಡು. ಮೊದಲ ಸಾಲು, ಸಾಮಾನ್ಯವಾಗಿ ಅದೇ ಸಾಲು ಇನ್ನೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಗಾಯಕ ಪ್ರತಿ ಸಾಲನ್ನೂ ಸುಮಾರು ಎರಡು ಬಾರ್‌ನಲ್ಲಿ ಮುಗಿಸುತ್ತಾನೆ, ಉಳಿದ ಎರಡು ಬಾರ್ ಹಾರ್ಮೋನಿಕಾದ್ದು. ಹಾಡುವಾಗ ಸುಮ್ಮನಿರಬೇಕು, ಇದು ಬಹಳ ಜನಕ್ಕೆ ಬೆಂಡ್‌ಗಿಂತ ಕಷ್ಟ. ಇದನ್ನು ಕಲಿಯಲು ಬ್ಲೂಸ್ ಹಾರ್ಮೋನಿಕಾ ವಾದಕ ಎರಡನೇ ಸನ್ನಿ ಬಾಯ್ ವಿಲಿಯಮ್ಸನ್ ಕೇಳಿ. ಆ ಹೆಸರಿನವರು ಇಬ್ಬರಿದ್ದರು: ಮೊದಲನೆಯವರು 1948ರಲ್ಲಿ ಷಿಕಾಗೋದಲ್ಲಿ ಕೊಲೆಯಾದ ಜಾನ್ ಲೀ ವಿಲಿಯಮ್ಸನ್. ನಾನು ಹೇಳುತ್ತಿರುವುದು 1965ರಲ್ಲಿ ತೀರಿಕೊಂಡ ರೈಸ್ ಮಿಲ್ಲರ್ ಅವರ ಬಗ್ಗೆ. ಎರಡೇ ಸ್ವರ ಹೇಳಿ ಬಾಯಿ ಮುಚ್ಚುವ ಧೈರ್ಯ ಅವರಿಗಿತ್ತು. ಮೈಕನ್ನು ಹಾರ್ಮೋನಿಕಾ ಜೊತೆಗೇ ಕೈಯಲ್ಲಿ ಹಿಡಿದು ಆಂಪ್ಲಿಫೈಯರ್ ಮೂಲಕ ಗರ್ಜಿಸಿದ ಲಿಟಲ್ ವಾಲ್ಟರ್ ಎಲ್ಲರಿಗೂ ಇಷ್ಟ, ನನಗೂ ಇಷ್ಟ, ಆದರೆ ಅವರನ್ನು ನಕಲು ಮಾಡಲು ಹೊರಟರೆ ಈಗಲೇ ದಿಕ್ಕು ತಪ್ಪುತ್ತೀರಿ.

ಪ್ರಶ್ನೆ: ಅಂಗಡಿಯಲ್ಲಿ ಇಪ್ಪತ್ನಾಲ್ಕು ತೂತಿನ ಮೌತ್ ಆರ್ಗನ್ ಕಡಿಮೆ ಬೆಲೆಗೆ ಸಿಗುತ್ತದೆ. ಅದರಲ್ಲೇ ಬ್ಲೂಸ್ ಕಲಿಯಬಹುದಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಡ. ಅದು ಟ್ರೆಮೊಲೊ. ಒಂದೇ ಸ್ವರಕ್ಕೆ ಸ್ವಲ್ಪ ಹೆಚ್ಚುಕಡಿಮೆ ಶ್ರುತಿಯ ಎರಡು ರೀಡ್ ಇರುವುದರಿಂದ ದನಿ ನಡುಗುತ್ತದೆ, ಹಾಡಿಗೆ ಚೆಂದ, ಬೆಂಡ್‌ಗೆ ಆಗಿಬರುವುದಿಲ್ಲ. ಹತ್ತು ತೂತಿನ ಡಯಾಟೋನಿಕ್ ಕೇಳಿ, ಸಿ ಶ್ರುತಿಯದು. ಹೋನರ್ ಸ್ಪೆಷಲ್ 20 ಥರದ್ದಾದರೆ ಒಳಗಿನ ಕೋಂಬ್ (ತೂತುಗಳ ಚೌಕಟ್ಟು) ಪ್ಲಾಸ್ಟಿಕ್ಕಿನದು, ಎಂಜಲಿನ ತೇವಕ್ಕೆ ಮರದ ಹಾಗೆ ಉಬ್ಬುವುದಿಲ್ಲ. ನುಡಿಸುವ ಮೊದಲು ಬಾಯಿ ಮುಕ್ಕಳಿಸಿ. ಮುಗಿದ ಮೇಲೆ ತೂತಿನ ಬದಿ ಕೆಳಗೆ ಮಾಡಿ ಅಂಗೈಗೆ ತಟ್ಟಿ.

ಪ್ರಶ್ನೆ: ಪಿಜಿಯಲ್ಲಿದ್ದೇನೆ. ರೂಮ್‌ಮೇಟ್ ಬಾಗಿಲು ಬಡಿಯುತ್ತಾನೆ. (ಬೆಂಗಳೂರಿನ ವಿದ್ಯಾರ್ಥಿ)

ಉತ್ತರ: ಅವನಿಗೆ ಥ್ಯಾಂಕ್ಸ್ ಹೇಳಿ. ಎರಡೂ ಅಂಗೈಯಿಂದ ವಾದ್ಯವನ್ನು ಬಿಗಿಯಾಗಿ ಮುಚ್ಚಿಕೊಂಡು, ಪಕ್ಕದ ಮಂಚಕ್ಕೂ ಕೇಳದಷ್ಟು ಮೆಲ್ಲಗೆ ಬೆಂಡ್ ತೆಗೆಯಿರಿ. ಮೆಲ್ಲಗೆ ಬಂದರೆ ಜೋರಾಗಿಯೂ ಬರುತ್ತದೆ, ಉಲ್ಟಾ ಮಾತ್ರ ಆಗುವುದಿಲ್ಲ. ಹನ್ನೆರಡು ಬಾರ್ ಎಣಿಸುವುದಕ್ಕಂತೂ ಸದ್ದೇ ಬೇಕಿಲ್ಲ, ಮೆಟ್ರೋದಲ್ಲಿ ನಿಂತುಕೊಂಡೇ ಮಾಡಬಹುದು.