ಮೊಸರಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಮಗಳು ತಿನ್ನಬಹುದಾ?

ಪ್ರಶ್ನೆ: ಮಗಳು ಆರನೇ ಕ್ಲಾಸು. ಶಾಲೆಯಲ್ಲಿ ರೋಗಾಣುಗಳ ಪಾಠ ಆದ ಮೇಲೆ ಮೊಸರು ಮುಟ್ಟುತ್ತಿಲ್ಲ. "ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಉಂಟು ಅಮ್ಮಾ" ಎನ್ನುತ್ತಾಳೆ. ಏನು ಹೇಳುವುದೆಂದು ನನಗೆ ಗೊತ್ತಾಗಲಿಲ್ಲ. ಮಳೆ ಶುರುವಾದ ಮೇಲೆ ಮೊಸರು ಸರಿಯಾಗಿ ಆಗುತ್ತಲೂ ಇಲ್ಲ.
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಮಗಳು ಹೇಳಿದ್ದು ಸರಿ. ಒಂದು ಚಮಚ ಮೊಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಆದರೆ ಅವು ಎಲ್ಲಿಂದಲೋ ಬಂದು ಬಿದ್ದ ಕೊಳೆಯಲ್ಲ. ಹಾಲನ್ನು ಮೊಸರು ಮಾಡಿದ್ದೇ ಅವು.

ನೀವು ಹೆಪ್ಪು ಹಾಕುವಾಗ ಹಾಲಿಗೆ ಸೇರಿಸುವುದು ಈ ಬ್ಯಾಕ್ಟೀರಿಯಾಗಳನ್ನೇ. ಅವು ಹಾಲಿನಲ್ಲಿರುವ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಏರಿದ ಹಾಗೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಗಟ್ಟಿಯಾಗುತ್ತದೆ. ರೋಗ ತರುವ ಎಷ್ಟೋ ಬ್ಯಾಕ್ಟೀರಿಯಾ ಆ ಹುಳಿಯಲ್ಲಿ ಬೆಳೆಯಲಾರವು. ಹಾಗಾಗಿ ಹಾಲು ಕೆಡುವಷ್ಟು ಬೇಗ ಮೊಸರು ಕೆಡುವುದಿಲ್ಲ.

ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ ಬೇಕಾದ್ದು 30ರಿಂದ 40 ಡಿಗ್ರಿ ಬಿಸಿ. ಆಟಿ ತಿಂಗಳ ರಾತ್ರಿಯಲ್ಲಿ ಪಾತ್ರೆ ಬೇಗ ತಣ್ಣಗಾಗುತ್ತದೆ, ಅವುಗಳ ಕೆಲಸ ನಿಧಾನವಾಗುತ್ತದೆ. ಹಾಲು ಉಗುರುಬೆಚ್ಚಗಿರುವಾಗಲೇ ಹೆಪ್ಪು ಸ್ವಲ್ಪ ಜಾಸ್ತಿ ಹಾಕಿ, ಪಾತ್ರೆಗೆ ಬಟ್ಟೆ ಸುತ್ತಿ ಬಚ್ಚಲ ಒಲೆಯ ಹತ್ತಿರ ಇಡಿ. ಕೈ ಸುಡುವ ಹಾಲಿಗೆ ಹಾಕಿದರೆ ಹೆಪ್ಪೇ ಸತ್ತು ಹೋಗುತ್ತದೆ. ಒಂದು ದಿನ ಮಗಳ ಕೈಯಿಂದಲೇ ಹಾಕಿಸಿ, ಬೆಳಿಗ್ಗೆ ಅವಳೇ ಮುಚ್ಚಳ ತೆಗೆಯಲಿ.

ಅವಳ ಬಾಯಿಯಲ್ಲೂ ಬ್ಯಾಕ್ಟೀರಿಯಾ ಇವೆ ಅಂತ ಹೇಳಿ. 1683ರಲ್ಲಿ ಲೇವನ್‌ಹುಕ್ ಎಂಬ ಡಚ್ ಬಟ್ಟೆ ವ್ಯಾಪಾರಿ ತನ್ನದೇ ಹಲ್ಲಿನ ಪಾಚಿಯನ್ನು ಕೆರೆದು, ತಾನೇ ಮಾಡಿದ ಮಸೂರದಲ್ಲಿ ನೋಡಿ, ಅಲ್ಲಿ ಓಡಾಡುವ ಜೀವಿಗಳ ಬಗ್ಗೆ ಪತ್ರ ಬರೆದ. ಒಬ್ಬ ದೊಡ್ಡ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು ಅಂದಾಜು. ನಮ್ಮ ಸ್ವಂತ ಜೀವಕೋಶಗಳೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಿನವು ದೊಡ್ಡ ಕರುಳಿನಲ್ಲಿದ್ದು, ನಮಗೆ ಜೀರ್ಣವಾಗದ ನಾರನ್ನು ಒಡೆಯುತ್ತವೆ, ವಿಟಮಿನ್ ಕೆ ತಯಾರಿಸುತ್ತವೆ.

ಹಾಗಂತ ಪಾಠ ಸುಳ್ಳಲ್ಲ. ಟೈಫಾಯ್ಡ್, ಕಾಲರಾ ತರುವುದೂ ಬ್ಯಾಕ್ಟೀರಿಯಾಗಳೇ. ನಮ್ಮ ಕಡೆ ಮಳೆಗಾಲದಲ್ಲಿ ಹೆದರಬೇಕಾದದ್ದು ಇಲಿಜ್ವರಕ್ಕೆ. ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಅದು ಒಳಗೆ ಹೋಗುತ್ತದೆ. ಗಾಯ ಇದ್ದವರು ತೋಟದ ಕಣಿಗೆ ಬರಿಗಾಲಿನಲ್ಲಿ ಇಳಿಯಬೇಡಿ. ಇಳಿದ ಮೇಲೆ ಜ್ವರ, ಮೀನಖಂಡದ ನೋವು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಬಾವಿಯದಿರಲಿ, ನೀರಿಗಾಗಿ ಗುಡ್ಡ ಕೊರೆದ ಸುರಂಗದ್ದಿರಲಿ, ಕುಡಿಯುವ ನೀರನ್ನು ಕುದಿಸಿ. ಶೀತ ನೆಗಡಿಗೆ ಮಾತ್ರ ಸುಮ್ನೆ ಆಂಟಿಬಯಾಟಿಕ್ ತಿನ್ನಿಸಬೇಡಿ. ಅದು ವೈರಸ್ಸಿನ ಕೆಲಸ, ಆ ಮಾತ್ರೆ ಅದಕ್ಕೆ ತಾಗುವುದಿಲ್ಲ. ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮಾತ್ರ ಪೆಟ್ಟು.

ಇನ್ನೊಂದು ವಿಷಯವನ್ನು ಅವಳಿಗೆ ತೋರಿಸಲೇಬೇಕು. ಹಿತ್ತಿಲಲ್ಲಿ ಅಲಸಂಡೆ ಹಾಕಿದ್ದರೆ, ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಬುಡದ ಮಣ್ಣು ಸಮೇತ ಎಬ್ಬಿಸಿ ನೀರಿನಲ್ಲಿ ತೊಳೆಯಿರಿ. ಬೇರಿನಲ್ಲಿ ಸಾಸಿವೆ ಕಾಳಿನಷ್ಟು, ಕೆಲವು ಇನ್ನೂ ದೊಡ್ಡ ಗಂಟುಗಳು ಕಾಣುತ್ತವೆ. ಒಳಗಿರುವುದು ಬ್ಯಾಕ್ಟೀರಿಯಾ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ಈ ಬ್ಯಾಕ್ಟೀರಿಯಾಗಳು ಅದನ್ನು ಹಿಡಿದು ಗೊಬ್ಬರ ಮಾಡಿಕೊಡುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ತೆಂಗಿನ ಬುಡಕ್ಕೆ ಅಲಸಂಡೆ ಬಿತ್ತಿ, ಅಲ್ಲೇ ಮಣ್ಣಿಗೆ ಸೇರಿಸುವುದು ಇದಕ್ಕೇ ಅಲ್ವಾ?

ಒಂದು ಗಂಟನ್ನು ಅವಳು ಉಗುರಿನಿಂದ ಸೀಳಿ ನೋಡಲಿ. ಒಳಗೆ ಕೆಂಪು ಬಣ್ಣ ಇರುತ್ತದೆ. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹತ್ತಿರದ ಸಂಬಂಧಿ. ಕೆಂಪಿದ್ದರೆ ಬ್ಯಾಕ್ಟೀರಿಯಾ ಕೆಲಸದಲ್ಲಿವೆ. ಹಸಿರೋ ಕಂದೋ ಆಗಿದ್ದರೆ ಆ ಗಂಟಿನ ಕೆಲಸ ಮುಗಿದಿದೆ, ಇನ್ನೊಂದನ್ನು ಸೀಳಿ ನೋಡಿ.