ಚಿತ್ರವನ್ನೂ ಓದಬೇಕು, ಮೇಷ್ಟ್ರೇ

ಯಲ್ಲಾಪುರ ತಾಲೂಕಿನಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ:

“ಹೋದ ಸಂಚಿಕೆಯಲ್ಲಿ ಟಾಮ್ ಫೀಲಿಂಗ್ಸ್ ಎಂಬ ಅಮೆರಿಕದ ಕಪ್ಪು ಕಲಾವಿದನಿಗೆ ಆರು ಪುಟ ಕೊಟ್ಟಿದ್ದೀರಿ. ಕಾಮಿಕ್ಸ್ ಮಾಡಿಕೊಂಡಿದ್ದವನು, ಮಕ್ಕಳ ಪುಸ್ತಕಕ್ಕೆ ಚಿತ್ರ ಹಾಕಿದವನು. ಕೊನೆಗೆ ಸುಮಾರು ಇಪ್ಪತ್ತು ವರ್ಷ ಕೂತು ಕತೆಯಲ್ಲಿ ಒಂದಕ್ಷರವೂ ಇಲ್ಲದ ಪುಸ್ತಕ ಮಾಡಿದನಂತೆ. ಮಕ್ಕಳು ಮೊದಲೇ ಓದುವುದಿಲ್ಲ. ನೀವೂ ಚಿತ್ರಕ್ಕೇ ಆರತಿ ಎತ್ತಿದರೆ ಅಕ್ಷರದ ಗತಿಯೇನು? ಎಲ್ಲಿಯದೋ ಕರಿಯರ ಕಷ್ಟ ನಮ್ಮ ಮಕ್ಕಳಿಗೆ ಯಾಕೆ? ಇನ್ನೊಂದು: 27ನೇ ಪುಟದ ಮಕ್ಕಳ ಕತೆಗೆ ಚಿತ್ರ ಬರೆದವರು ಯಾರು? ಹೆಸರು ಕಾಣಲಿಲ್ಲ.”

ಮೇಷ್ಟ್ರೇ, ನಮಸ್ಕಾರ. ನಿಮ್ಮ ದುಂಡಗಿನ ಕೈಬರಹ ನೋಡಿಯೇ ಅರ್ಧ ಸೋತೆ. ಕಾಮಿಕ್ಸ್ ಹೆಸರಿನಲ್ಲಿ ಕಸವೂ ಬರುತ್ತದೆ, ಒಪ್ಪಿದೆ. ಎಷ್ಟೋ ಮಕ್ಕಳು ಸಾಲು ಬಿಟ್ಟು ಬರೀ ಪುಟ ತಿರುವುತ್ತಾರೆ, ಅದನ್ನೂ ಒಪ್ಪಿದೆ. ನನ್ನ ಒಪ್ಪಿಗೆ ಇಲ್ಲಿಗೆ ಮುಗಿಯಿತು. ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಗೇ ಬರುತ್ತೇನೆ.

‘ಚಿತ್ರ ಬರೆದವರು’ ಅಂತ ನೀವೇ ಬರೆದಿದ್ದೀರಿ. ಕನ್ನಡದಲ್ಲಿ ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಬರೆದದ್ದನ್ನು ಓದಬೇಕು, ಅಲ್ವಾ?

ಫೀಲಿಂಗ್ಸ್ ಅವರು 1933ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಬೆಡ್‌ಫರ್ಡ್-ಸ್ಟೈವಸೆಂಟ್ ಅವರ ಕೇರಿ. ಹುಡುಗನಾಗಿದ್ದಾಗ ಕಾಮಿಕ್ಸ್ ನೋಡಿ ನಕಲು ಮಾಡುತ್ತಿದ್ದರು. ಅಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ಒಬ್ಬ ಕಪ್ಪು ಕಲಾವಿದರು, ನಕಲು ಬಿಡು, ನಿನ್ನ ಸುತ್ತ ಇರುವವರನ್ನು ನೋಡಿ ಬರಿ ಅಂದರು. ಮೇಷ್ಟ್ರ ಮಾತು ಅಂದರೆ ಹೀಗಿರಬೇಕು. ಹುಡುಗ ಮನೆಯವರನ್ನು, ಬೀದಿಯವರನ್ನು ಬರೆಯತೊಡಗಿದ. ಕಾಮಿಕ್ಸನ್ನು ಮಾತ್ರ ಬಿಡಲಿಲ್ಲ, ಅದನ್ನು ಕಲಿಸುವ ಶಾಲೆಗೇ ಸೇರಿದ.

1958ರಲ್ಲಿ ‘ನ್ಯೂಯಾರ್ಕ್ ಏಜ್’ ಎಂಬ ಹಾರ್ಲೆಮ್‌ನ ಪತ್ರಿಕೆಯಲ್ಲಿ ಅವರ ‘ಟಾಮಿ ಟ್ರಾವೆಲರ್’ ಶುರುವಾಯಿತು. ಕತೆ ಕೇಳಿ. ಟಾಮಿ ಕಪ್ಪು ಹುಡುಗ. ಲೈಬ್ರರಿಯಲ್ಲಿ ತನ್ನ ಜನರ ಬಗ್ಗೆ ಇರುವ ಪುಸ್ತಕಗಳನ್ನೆಲ್ಲ ಓದಿ ಮುಗಿಸಿಬಿಡುತ್ತಾನೆ. ಇನ್ನೂ ಬೇಕಲ್ಲ? ಹಿರಿಯರೊಬ್ಬರ ಮನೆಯ ಪುಸ್ತಕ ಸಂಗ್ರಹಕ್ಕೆ ಹೋಗುತ್ತಾನೆ. ಓದುತ್ತಾ ಓದುತ್ತಾ ಕನಸಿನಲ್ಲಿ ಆ ಇತಿಹಾಸದೊಳಗೇ ನಡೆದುಬಿಡುತ್ತಾನೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ಭಾಷಣಕಾರನಾದ ಫ್ರೆಡ್ರಿಕ್ ಡಗ್ಲಸ್ ಕಾಲಕ್ಕೆ ಹೋಗುತ್ತಾನೆ. 1770ರಲ್ಲಿ ಬಾಸ್ಟನ್ ಊರಿನಲ್ಲಿ ಬ್ರಿಟಿಷ್ ಸೈನಿಕರ ಗೋಲಿಬಾರಿಗೆ ಸತ್ತ ಕಪ್ಪು ನಾವಿಕ ಕ್ರಿಸ್ಪಸ್ ಅಟಕ್ಸ್ ಬಳಿಗೆ ಹೋಗುತ್ತಾನೆ. ಓದು ಓದು ಅಂತ ಮಕ್ಕಳ ಬೆನ್ನು ಹತ್ತುವ ಮೇಷ್ಟ್ರೇ, ಓದಿನ ಹಸಿವನ್ನೇ ಕತೆ ಮಾಡಿದ ಈ ಕಾಮಿಕ್ಸ್ ನಿಮ್ಮ ಪಕ್ಷವೋ, ನನ್ನ ಪಕ್ಷವೋ?

ಲೈಬ್ರರಿ ಬೇಗ ಖಾಲಿಯಾಗಿದ್ದು ಬರೀ ಕಲ್ಪನೆಯಲ್ಲ. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ ಕೂತು ಲೆಕ್ಕ ಹಾಕಿದರು. ಅಮೆರಿಕದಲ್ಲಿ ಮೂರು ವರ್ಷದಲ್ಲಿ ಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ಮನುಷ್ಯ ಕಾಣಿಸಿದ್ದು 349ರಲ್ಲಿ. ನೂರಕ್ಕೆ ಏಳೂ ಇಲ್ಲ.

ಇದರ ಫಲ ಏನು ಗೊತ್ತಾ? ಫೀಲಿಂಗ್ಸ್ ತಮ್ಮ ಕೇರಿಯ ಮಕ್ಕಳ ಚಿತ್ರ ಬರೆದು ಒಬ್ಬ ಪುಟ್ಟ ಹುಡುಗಿಗೆ ತೋರಿಸಿದರು. ಅವಳೂ ಕಪ್ಪು ಹುಡುಗಿಯೇ. ಕಪ್ಪಗಿರೋದು ಎಲ್ಲಾದರೂ ಚಂದ ಇರುತ್ತಾ ಅನ್ನುವ ಧಾಟಿಯಲ್ಲಿ ಮಾತಾಡಿದಳು. ಇದನ್ನು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಸುಮ್ನೆ ಪುಸ್ತಕಗಳ ಪುಟ ತಿರುವಿದ್ದಳು, ಅಷ್ಟೇ.

1964ರಲ್ಲಿ ಅವರು ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಹೋದರು. ಅಲ್ಲಿನ ಅಧ್ಯಕ್ಷ ಎನ್‌ಕ್ರೂಮಾ ಅವರ ಸರಕಾರ ಬೀಳುವ ತನಕ, ಎರಡು ವರ್ಷ ಅಲ್ಲಿನ ಪತ್ರಿಕೆಗೆ ಕೆಲಸ ಮಾಡಿದರು. ಆ ಬಿಸಿಲು ಅವರ ಕುಂಚಕ್ಕೂ ಇಳಿಯಿತು. ಆಮೇಲಿನ ಚಿತ್ರಗಳಲ್ಲಿ ಕಪ್ಪು ಮೈ ಒಳಗಿನಿಂದ ದೀಪ ಹಚ್ಚಿಟ್ಟ ಹಾಗೆ ಹೊಳೆಯುತ್ತದೆ. ಒದ್ದೆ ಟಿಶ್ಯೂ ಕಾಗದ, ಟೆಂಪರಾ ಎಂಬ ಬಿಳಿ ಬಣ್ಣ, ಶಾಯಿ. ಇಷ್ಟರಲ್ಲೇ ಆ ಬೆಳಕು. 1971ರಲ್ಲಿ ಹೆಂಡತಿ ಮ್ಯೂರಿಯಲ್ ಬರೆದ, ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಎಣಿಕೆ ಕಲಿಸುವ ಪುಸ್ತಕಕ್ಕೆ ಚಿತ್ರ ಬರೆದರು. ಮೊಜಾ, ಎಂಬಿಲಿ, ತಾತು: ಒಂದು, ಎರಡು, ಮೂರು. ಅದಕ್ಕೆ ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಗೌರವ ಬಂತು, ಆಫ್ರಿಕನ್-ಅಮೆರಿಕನ್ ಕಲಾವಿದರಿಗೆ ಅದು ಬಂದದ್ದು ಅದೇ ಮೊದಲು. ಆಮೇಲೆ ದಕ್ಷಿಣ ಅಮೆರಿಕದ ಗಯಾನಾ ದೇಶದ ಶಿಕ್ಷಣ ಇಲಾಖೆ ಅವರನ್ನು ಕರೆಸಿಕೊಂಡು ಮಕ್ಕಳ ಪುಸ್ತಕದ ಕೆಲಸ ವಹಿಸಿತು. ಒಂದು ಸರಕಾರ ಚಿತ್ರಕಾರನನ್ನು ಹುಡುಕಿಕೊಂಡು ಹೋಗಿದೆ, ಮೇಷ್ಟ್ರೇ! ಈ ಸಾಲನ್ನು ಎರಡು ಸಲ ಓದಿ.

ನೀವು ಹೇಳುವ ‘ಒಂದಕ್ಷರವಿಲ್ಲದ ಪುಸ್ತಕ’ ಬಂದದ್ದು 1995ರಲ್ಲಿ, ‘ದ ಮಿಡಲ್ ಪ್ಯಾಸೇಜ್’. ಆಫ್ರಿಕಾದಿಂದ ಜನರನ್ನು ಹಡಗಿನ ಹೊಟ್ಟೆಯಲ್ಲಿ ಸರಪಳಿ ಬಿಗಿದು ಅಟ್ಲಾಂಟಿಕ್ ದಾಟಿಸಿದ ಕತೆ. ಇದರ ಬೀಜ ಬಿದ್ದದ್ದು ಘಾನಾದಲ್ಲಿ. ನಿಮ್ಮನ್ನೆಲ್ಲ ಇಲ್ಲಿಂದ ಹೊತ್ತೊಯ್ದರಲ್ಲ, ಆಮೇಲೆ ಏನಾಯಿತು ಎಂದು ಅಲ್ಲಿನ ಗೆಳೆಯರೊಬ್ಬರು ಕೇಳಿದ್ದರು. ಉತ್ತರ ಹೇಳುವುದಕ್ಕೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. ಮುನ್ನುಡಿ ಬಿಟ್ಟರೆ 64 ಕಪ್ಪು-ಬಿಳುಪು ಚಿತ್ರಗಳು, ಅಷ್ಟೇ. ನಾನು ಒಂದೇ ಸಲಕ್ಕೆ ಪೂರ್ತಿ ನೋಡಲಾಗದೆ ನಡುವೆ ಎದ್ದು ಹೋಗಿ ನೀರು ಕುಡಿದು ಬಂದೆ. ಇದನ್ನು ಎಳೆ ಮಕ್ಕಳಿಗೆ ಕೊಡಿ ಅಂತ ನಾವೂ ಬರೆದಿರಲಿಲ್ಲ. ದೊಡ್ಡವರು ನೋಡಲಿ.

ಇನ್ನು ‘ನಮ್ಮ ಮಕ್ಕಳಿಗೆ ಯಾಕೆ’. ನಮ್ಮ ಕಾಲದ ಆಫ್ರಿಕಾ ಯಾವುದು? ಇಂದ್ರಜಾಲ ಕಾಮಿಕ್ಸಿನದು. ಮುಖವಾಡದ ಬಿಳಿಯ ವೀರ ಫ್ಯಾಂಟಮ್ ಸಿಂಹಾಸನದ ಮೇಲೆ, ಕಾಡಿನ ಕುಳ್ಳ ಬಾಂದಾರ ಜನ ಅವನ ಕಾವಲಿಗೆ. ಜಾದೂಗಾರ ಮಾಂಡ್ರೇಕನ ಜೊತೆಗಾರ ಲೋಥಾರ್ ಆಫ್ರಿಕಾದ ರಾಜಕುಮಾರನಂತೆ, ಆದರೂ ಚಿರತೆ ಚರ್ಮ ಸುತ್ತಿಕೊಂಡು ಒಡೆಯನ ಹಿಂದೆ ಹಿಂದೆ. ನಾನೂ ಚಪ್ಪರಿಸಿ ಓದಿದವನೇ. ಅಂದರೆ ಎಲ್ಲಿಯದೋ ಕರಿಯರು ನಮ್ಮ ತಲೆಗೆ ಯಾವತ್ತೋ ಬಂದು ಕೂತಿದ್ದಾರೆ. ಅವರನ್ನು ಬರೆದ ಕೈ ಮಾತ್ರ ಅವರದಲ್ಲ.

ನೀವು ಪತ್ರ ಹಾಕಿರುವುದು ಯಲ್ಲಾಪುರ ತಾಲೂಕಿನಿಂದ. ನಿಮ್ಮ ಶಾಲೆಯ ಬೆಂಚಿನಲ್ಲಿ ಸಿದ್ದಿ ಮಕ್ಕಳು ಕೂತಿರಲೇಬೇಕು. ಪೋರ್ಚುಗೀಸರ ಹಡಗುಗಳು ಪಶ್ಚಿಮ ಕರಾವಳಿಗೂ ಆಫ್ರಿಕಾದ ಗುಲಾಮರನ್ನು ತಂದಿಳಿಸಿದವು. ಅಂಥವರ ವಂಶದವರೇ ನಿಮ್ಮ ಕಾಡಿನಂಚಿನ ಸಿದ್ದಿಗಳು. ನನ್ನ ಕಪಾಟಿನ ಕನ್ನಡ ಚಿತ್ರಪುಸ್ತಕಗಳನ್ನು ಮೊನ್ನೆ ನೆಲಕ್ಕೆ ಹರವಿಕೊಂಡು ಕೂತೆ. ಗುಂಗುರು ಕೂದಲಿನ ಒಂದು ಸಿದ್ದಿ ಮಗು ಸಿಗಲಿಲ್ಲ. ಸಿದ್ದಿ ಬಿಡಿ, ನಮ್ಮ ನಿಮ್ಮ ಬಣ್ಣದವರೇ ಕಡಿಮೆ. ಪುಟ್ಟಿ, ಅಜ್ಜಿ, ಎಲ್ಲರೂ ಗುಲಾಬಿ ಗುಲಾಬಿ. ತಂಗಿಯ ಮಗಳು ಬಣ್ಣದ ಪೆಟ್ಟಿಗೆಯಲ್ಲಿ ಒಂದು ಪೆನ್ಸಿಲ್ ಹುಡುಕುತ್ತಾ “ಮಾವ, ಸ್ಕಿನ್ ಕಲರ್ ಎಲ್ಲಿ?” ಅಂದಳು. ಅವಳಿಗೆ ಬೇಕಾಗಿದ್ದು ತಿಳಿ ಪೀಚ್ ಬಣ್ಣ. ಆ ಪೆನ್ಸಿಲನ್ನು ಅವಳ ಕೈ ಮೇಲೆ ಇಟ್ಟು ತೋರಿಸಿದೆ. ಅಮೆರಿಕದ ಕ್ರಯೋಲಾ ಕಂಪನಿ ತನ್ನ ‘ಫ್ಲೆಶ್’ ಅನ್ನುವ ಬಣ್ಣದ ಹೆಸರನ್ನು 1962ರಲ್ಲೇ ‘ಪೀಚ್’ ಅಂತ ಬದಲಿಸಿತು. ನಮ್ಮ ಮನೆಗಳಲ್ಲಿ ಅದಿನ್ನೂ ಸ್ಕಿನ್ ಕಲರ್.

ಹಾಗಂತ ನಮ್ಮ ಚಿತ್ರಕಾರರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬೆಳಿಗ್ಗೆ ಕತೆ ಕೊಟ್ಟು ಸಂಜೆ ಚಿತ್ರ ಕೇಳುತ್ತೇವೆ. ಅವರು ಯಾವಾಗ ಬೀದಿಗೆ ಹೋಗಿ ಮುಖ ನೋಡಬೇಕು? ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರಕಾಶನವೊಂದರಲ್ಲಿ ಒಬ್ಬ ಕಲಾವಿದರಿಂದ ಹದಿನಾರು ಪುಟಕ್ಕೂ ಚಿತ್ರ ಬರೆಸಿಕೊಂಡೆವು. ಕತೆಗಾರರ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬಂತು. ಇವರದು ಒಳಗೂ ಇಲ್ಲ. ಕೇಳಿದರೆ “ಜಾಗ ಸಾಲಲಿಲ್ಲ” ಅಂದರು ಯಜಮಾನರು. ಅದೇ ಪುಸ್ತಕದ ಹಿಂಬದಿಯಲ್ಲಿ ಯಜಮಾನರ ಫೋಟೋ ಇತ್ತು, ಶಾಲು ಸಮೇತ! ದುಡ್ಡಿನ ಮಾತು ಎತ್ತುವುದಿಲ್ಲ. ಕೊಟ್ಟಿದ್ದನ್ನು ನೆನೆದರೆ ನನಗೇ ನಾಚಿಕೆ.

ಈಗ ನಿಮ್ಮ ಕೊನೆಯ ಪ್ರಶ್ನೆ. 27ನೇ ಪುಟದ ಕೋಳಿ, ಬುಟ್ಟಿ, ಅಜ್ಜಿಯ ಚಿತ್ರಗಳನ್ನು ಬರೆದವರ ಹೆಸರು ಬಿಟ್ಟುಹೋಗಿದ್ದು ನಮ್ಮಿಂದಲೇ. ಪುಟ ಕಟ್ಟುವಾಗ ಜಾಗ ಸಾಲಲಿಲ್ಲ ಎಂದು ನಾನೇ ತೆಗೆಸಿದ್ದೆ. ಅವರಿಗೆ ಫೋನ್ ಮಾಡಿದೆ. “ಪರವಾಗಿಲ್ಲ ಸಾರ್, ಅಭ್ಯಾಸ ಆಗಿದೆ” ಅಂದರು. ಈ ಸಂಚಿಕೆಯ 3ನೇ ಪುಟದಲ್ಲಿ ಅವರ ಹೆಸರು ಹಾಕಿದ್ದೇವೆ, ದಪ್ಪಕ್ಷರದಲ್ಲಿ.